ಓಡಿಸಿ ನೋಡಿದವರು ಯಾರು?

ಲಿನಕ್ಸ್ ಕರ್ನಲ್‌ನ (ಯಂತ್ರಕ್ಕೂ ಪ್ರೋಗ್ರಾಮ್‌ಗಳಿಗೂ ನಡುವೆ ನಿಲ್ಲುವ ಮೂಲ ತಂತ್ರಾಂಶದ) 6.7ನೇ ಆವೃತ್ತಿಯಲ್ಲಿ ಇಟೇನಿಯಂ ಬೆಂಬಲವನ್ನು ಕಿತ್ತುಹಾಕಿದಾಗ ಎದ್ದ ಗದ್ದಲ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. 2001ರಲ್ಲಿ ಬಂದ, 2021ರ ಜುಲೈ ಹೊತ್ತಿಗೆ ಇಂಟೆಲ್ ಕೊನೆಯ ಕಂತು ಕಳಿಸಿ ಕೈತೊಳೆದುಕೊಂಡ ಪ್ರೊಸೆಸರ್ ಅದು. "ಅಯ್ಯೋ, ತೆಗೆದೇಬಿಟ್ಟರಾ!" ಎಂದು ಮರುಗಿದವರಲ್ಲಿ ಹೆಚ್ಚಿನವರು ಆ ಯಂತ್ರವನ್ನು ಕಣ್ಣಾರೆ ಕಂಡವರಂತೆ ತೋರಲಿಲ್ಲ. ಯಂತ್ರ ಇಟ್ಟುಕೊಂಡಿದ್ದ ಬೆರಳೆಣಿಕೆಯ ಮಂದಿ ವಾದ ಮಾಡಿ ನೋಡಿದರು. ಆಗುವುದಿಲ್ಲ ಎಂದಾದ ಮೇಲೆ ಪ್ಯಾಚ್‌ಗಳನ್ನು, ಅಂದರೆ ಕೋಡಿನ ತಿದ್ದುಪಡಿಗಳನ್ನು, ಕರ್ನಲ್‌ನ ಹೊರಗೇ ಕಾಪಾಡಿಕೊಂಡು ಬರತೊಡಗಿದರು. ಉಳಿದವರ ಮರುಕ ಬೇಗನೆ ಆರಿತು.

ಬಿಡುವಿನ ವೇಳೆಯಲ್ಲಿ ಹಳೆಯ ಆರ್ಕಿಟೆಕ್ಚರ್‌ಗಳಿಗೆ (ಪ್ರೊಸೆಸರ್ ಬಗೆಗಳಿಗೆ) ಪ್ಯಾಕೇಜ್ ಕಟ್ಟುವ, ಫೇಲಾದ ಟೆಸ್ಟ್‌ಗಳ ಬೆನ್ನು ಹತ್ತುವ ಗುಂಪಿನಲ್ಲಿ ನಾನೂ ಇದ್ದೇನೆ. ಹಾಗಾಗಿ ಮರುಗುವವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದದ್ದು ನಾನೇ. ಆದರೆ ಆ ಚರ್ಚೆಯನ್ನು ಓದುತ್ತಾ ಹೋದಂತೆ ನನಗೆ ತೆಗೆಯುವವರ ಮಾತೇ ಹೆಚ್ಚು ನ್ಯಾಯವೆನಿಸಿತು. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಈಚೆಗೆ ಇದನ್ನು ನಿಜವಾದ ಯಂತ್ರದ ಮೇಲೆ ಓಡಿಸಿ ನೋಡಿದವರು ಯಾರು? ಲಿನಕ್ಸ್ ಆಧಾರಿತ ವ್ಯವಸ್ಥೆಯಾದ ಡೆಬಿಯನ್‌ನಲ್ಲಿ ಬಿಡುಗಡೆಗೆ ಮುಂಚೆ ಪೋರ್ಟ್‌ಗಳನ್ನು (ಒಂದೊಂದು ಆರ್ಕಿಟೆಕ್ಚರ್‌ಗೆ ಹೊಂದಿಸಿದ ರೂಪಗಳನ್ನು) ನೋಡಿಕೊಳ್ಳುವವರ ಹಾಜರಿ ಕೇಳುವ ರೂಢಿಯಿದೆ. ಆ ಪತ್ರಕ್ಕೆ ಬರುವ ಉತ್ತರಗಳನ್ನು ಓದಿದರೆ ಯಾವ ಪೋರ್ಟ್ ಬದುಕಿದೆ, ಯಾವುದು ಹೆಸರಿಗೆ ಮಾತ್ರ ಇದೆ ಎಂದು ತಿಳಿದುಬಿಡುತ್ತದೆ. ಕೆಲವಕ್ಕೆ ನಾಲ್ಕು ಜನ ಕೈ ಎತ್ತುತ್ತಾರೆ. ಕೆಲವಕ್ಕೆ ಯಾರೂ ಇಲ್ಲ, ಆದರೂ ಅದರ ಬಿಲ್ಡ್ ಲಾಗ್ ಹಸಿರಾಗಿಯೇ ಇರುತ್ತದೆ, ಕೋಡ್ ತಪ್ಪಿಲ್ಲದೆ ಕಂಪೈಲ್ ಆಯಿತು ಎಂದು.

ಆ ಹಸಿರೇ ನನ್ನನ್ನು ಕಾಡುವುದು.

ಕಂಪೈಲ್ ಆದದ್ದೆಲ್ಲ ಓಡುವುದಿಲ್ಲ

ಇವತ್ತು ಯಾವ ಆರ್ಕಿಟೆಕ್ಚರ್‌ಗೆ ಬೇಕಾದರೂ ಕ್ರಾಸ್ ಕಂಪೈಲ್ ಮಾಡುವುದು, ಅಂದರೆ ಬೇರೆ ಯಂತ್ರದ ಮೇಲೆ ಕೂತು ಅದಕ್ಕೆ ಕೋಡ್ ಕಟ್ಟುವುದು, ಸುಲಭ. ಕರ್ನಲ್‌ಗೆ ಬರುವ ಪ್ಯಾಚ್‌ಗಳನ್ನು ಎತ್ತಿಕೊಂಡು ಹತ್ತಾರು ಆರ್ಕಿಟೆಕ್ಚರ್‌ಗಳಿಗೆ, ಮನಸ್ಸಿಗೆ ಬಂದ ಕಾನ್ಫಿಗರೇಶನ್‌ಗಳಲ್ಲಿ ಕಂಪೈಲ್ ಮಾಡಿ, ತಪ್ಪಿದ್ದರೆ ಪತ್ರ ಬರೆಯುವ ಬಾಟ್‌ಗಳಿವೆ. ಎಂ68ಕೆ (ಮೊಟೊರೊಲಾದ ಹಳೆಯ ಪ್ರೊಸೆಸರ್ ಬಳಗ) ಯಂತ್ರವನ್ನು ಮುಟ್ಟಿಯೇ ನೋಡದ ಡೆವಲಪರ್‌ಗೆ "ನಿಮ್ಮ ಬದಲಾವಣೆಯಿಂದ ಎಂ68ಕೆ ಬಿಲ್ಡ್ ಮುರಿದಿದೆ" ಎಂಬ ಪತ್ರ ಬರುತ್ತದೆ, ಅವರು ಒಂದು ಹೆಡರ್ ಸೇರಿಸುತ್ತಾರೆ, ಬಾಟ್ ಸುಮ್ಮನಾಗುತ್ತದೆ. ಇದರಿಂದ ಉಪಕಾರವಿಲ್ಲವೆಂದಲ್ಲ. ಆದರೆ ಹೀಗೆ ವರ್ಷಗಟ್ಟಲೆ ಕಂಪೈಲ್ ಮಾತ್ರ ಆಗುತ್ತಾ ಬಂದ ಕೋಡ್ ಒಂದು ದಿನ ನಿಜವಾದ ಯಂತ್ರದ ಮೇಲೆ ಬೂಟ್ ಆಗುವುದೋ ಇಲ್ಲವೋ ಎನ್ನುವುದಕ್ಕೆ ಬಾಟ್ ಹೊಣೆಯಲ್ಲ.

ಮುಂದಿನ ಮೆಟ್ಟಿಲು ಎಮ್ಯುಲೇಟರ್, ಒಂದು ಯಂತ್ರವನ್ನು ಇನ್ನೊಂದರ ಮೇಲೆ ಅನುಕರಿಸುವ ಪ್ರೋಗ್ರಾಮ್. ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಹೊರತಂದ ಕ್ಯೂಎಮು ಇಲ್ಲದಿದ್ದರೆ ಹಳೆಯ ಪೋರ್ಟ್‌ಗಳಲ್ಲಿ ಅರ್ಧಕ್ಕರ್ಧ ಎಂದೋ ಮುಚ್ಚಿಹೋಗಿರುತ್ತಿದ್ದವು. ನೆಟ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯವರು ಯಾವುದೇ ಯಂತ್ರದಿಂದ ಯಾವುದೇ ಯಂತ್ರಕ್ಕೆ ಇಡೀ ವ್ಯವಸ್ಥೆಯನ್ನೇ ಕ್ರಾಸ್ ಬಿಲ್ಡ್ ಮಾಡಿ, ಅನಿತಾ ಎಂಬ ಉಪಕರಣದಿಂದ ಎಮ್ಯುಲೇಟರ್ ಒಳಗೇ ಇನ್‌ಸ್ಟಾಲ್ ಮಾಡಿಸಿ, ಟೆಸ್ಟ್ ಓಡಿಸುತ್ತಾರೆ. ನಿಜವಾದ 68040 (ಎಂ68ಕೆ ಬಳಗದ ಒಂದು ಪ್ರೊಸೆಸರ್) ಮೇಲೆ ದಿನಗಟ್ಟಲೆ ಹಿಡಿಯುವ ಬಿಲ್ಡ್, ಈಗಿನ ಸಾಮಾನ್ಯ ಲ್ಯಾಪ್‌ಟಾಪ್‌ನ ಎಮ್ಯುಲೇಟರ್‌ನಲ್ಲಿ ಬಹಳ ಬೇಗ ಮುಗಿಯುತ್ತದೆ. ಹಳೆಯ ಯಂತ್ರವನ್ನು ಅದರ ಎಮ್ಯುಲೇಟರ್ ವೇಗದಲ್ಲಿ ಸೋಲಿಸುವುದು ಈ ಲೋಕದ ದಿನನಿತ್ಯದ ವಿಚಿತ್ರ.

ಎಮ್ಯುಲೇಟರ್‌ಗೆ ಕ್ಯಾಶ್ (ಮೆಮೊರಿಯ ನಕಲನ್ನು ಪ್ರೊಸೆಸರ್ ಹತ್ತಿರ ಇಟ್ಟುಕೊಳ್ಳುವ ವೇಗದ ಜಾಗ) ಇಲ್ಲ, ಅದೇ ತೊಂದರೆ. ಕ್ಯಾಶ್ ಫ್ಲಶ್ ಮಾಡಲು ಮರೆತ ಡ್ರೈವರ್ ಅದರಲ್ಲಿ ಸಲೀಸಾಗಿ ಓಡುತ್ತದೆ. ಮೆಮೊರಿ ಬರಹಗಳ ಕ್ರಮವನ್ನು ಅದಲುಬದಲು ಮಾಡುವ ಪ್ರೊಸೆಸರ್ ಒಂದನ್ನು ಎಕ್ಸ್86 (ಸಾಮಾನ್ಯ ಪಿಸಿಗಳ ಪ್ರೊಸೆಸರ್ ಬಗೆ) ಮೇಲೆ ಎಮ್ಯುಲೇಟ್ ಮಾಡಿದರೆ, ಒಳಗಿರುವ ಎಕ್ಸ್86ನ ಶಿಸ್ತೇ ಹೊರಗೆ ಕಾಣುತ್ತದೆ. ಆ ಕ್ರಮವನ್ನು ಕಾಯುವ ಬ್ಯಾರಿಯರ್ ಆದೇಶ ಬಿಟ್ಟುಹೋಗಿದ್ದರೂ ಗೊತ್ತಾಗುವುದಿಲ್ಲ. ಎಮ್ಯುಲೇಟರ್ ಬರೆದವರಿಗೆ ಆ ಯಂತ್ರದ ಬಗ್ಗೆ ಎಷ್ಟು ಗೊತ್ತೋ ಅಷ್ಟನ್ನೇ ಅದು ಪರೀಕ್ಷಿಸಬಲ್ಲದು. ಯಂತ್ರದ ಕೈಪಿಡಿಯಲ್ಲೇ ಇಲ್ಲದ ಮೊಂಡುತನಗಳು ಯಂತ್ರದಲ್ಲಿ ಮಾತ್ರ ಇರುತ್ತವೆ.

14 ಬೈಟ್‌ಗಳ ಕಥೆ

ಒಂದು ಪುಟ್ಟ ನೆಟ್‌ವರ್ಕ್ ಲೈಬ್ರರಿ, ಹೆಸರು ಬೇಡ. ಪ್ಯಾಕೆಟ್‌ಗಳನ್ನು ಬಿಡಿಸಿ ನೋಡುವುದು ಅದರ ಕೆಲಸ. ಎಕ್ಸ್86ನಲ್ಲಿ ವರ್ಷಗಳಿಂದ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ಸ್ಪಾರ್ಕ್ ಯಂತ್ರದ ಮೇಲೆ ಬಿಲ್ಡ್ ಆಯಿತು, ಟೆಸ್ಟ್ ಶುರುವಾಯಿತು, ಮೊದಲ ಪ್ಯಾಕೆಟ್‌ಗೇ ಬಸ್ ಎರರ್. ಡೀಬಗ್ಗರ್ ಹಾಕಿ ನೋಡಿದರೆ, ಪ್ರೋಗ್ರಾಮ್ ಸತ್ತದ್ದು ಐಪಿ ವಿಳಾಸ ಓದುವ ಸಾಲಿನಲ್ಲಿ. ಬಫರ್ ಶುರುವಾಗುವ ವಿಳಾಸ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುತ್ತಿತ್ತು, ಅದರಲ್ಲಿ ದೋಷವಿಲ್ಲ. ಆದರೆ ಈಥರ್ನೆಟ್ ಹೆಡರ್ ಇರುವುದು 14 ಬೈಟ್. ಅದರ ನಂತರ ಐಪಿ ಹೆಡರ್, ಅದರೊಳಗೆ 12 ಬೈಟ್ ದಾಟಿದರೆ ಕಳಿಸಿದವರ ವಿಳಾಸ. ಒಟ್ಟು 26. ನಾಲ್ಕು ಬೈಟ್‌ಗಳ ಸಂಖ್ಯೆಯೊಂದನ್ನು ನಾಲ್ಕರಿಂದ ಭಾಗವಾಗದ ಜಾಗದಿಂದ ಒಂದೇ ಏಟಿಗೆ ಎತ್ತಲು ಹೋಗಿದೆ ಕೋಡ್. ಸ್ಪಾರ್ಕ್ ಇದನ್ನು ಮುಲಾಜಿಲ್ಲದೆ ಕೊಲ್ಲುತ್ತದೆ. ಎಕ್ಸ್86 ಹೊಟ್ಟೆಗೆ ಹಾಕಿಕೊಳ್ಳುತ್ತದೆ. (ಲಿನಕ್ಸ್ ಕರ್ನಲ್ ಈ 14ರ ಕಾಟ ತಪ್ಪಿಸಲೆಂದೇ ಪ್ಯಾಕೆಟ್ ಬಫರ್‌ನ ಮೊದಲಲ್ಲಿ ಎರಡು ಬೈಟ್ ಖಾಲಿ ಬಿಡುವ ಉಪಾಯವನ್ನು ಇಟ್ಟುಕೊಂಡಿದೆ, ಆಗ ಐಪಿ ಹೆಡರ್ 16ಕ್ಕೆ ಬಂದು ಕೂರುತ್ತದೆ.) ಕುತೂಹಲಕ್ಕೆ ಅದೇ ಪ್ರೋಗ್ರಾಮನ್ನು ಆಗಿನ ಕ್ಯೂಎಮುವಿನ ಯೂಸರ್ ಮೋಡ್‌ನಲ್ಲಿ ಸ್ಪಾರ್ಕ್ ಎಂದೇ ಓಡಿಸಿದೆ. ಚಕಾರ ಎತ್ತದೆ ಎಲ್ಲ ಟೆಸ್ಟ್ ಪಾಸ್.

ನೇರ ಓದುವ ಬದಲು ಬೈಟ್‌ಗಳನ್ನು ನಕಲು ಮಾಡಿಕೊಂಡು ಓದುವ ಪ್ಯಾಚ್ ಕಳಿಸಿದೆ. ಲೈಬ್ರರಿಯವರ ಉತ್ತರ ಒರಟಾಗಿರಲಿಲ್ಲ, ಆದರೆ ನಿರುತ್ಸಾಹದ್ದು: ನಮ್ಮ ಬಳಕೆದಾರರೆಲ್ಲ ಎಕ್ಸ್86ನವರು, ಇಲ್ಲಿ ಸರಿಯಾಗಿಯೇ ಇದೆ, ನಿಮ್ಮ ಯಂತ್ರಕ್ಕಾಗಿ ಚೊಕ್ಕ ಕೋಡನ್ನು ಏಕೆ ಕೆಡಿಸಬೇಕು? ಪ್ಯಾಚ್ ಹಾಗೇ ತೂಗಿಕೊಂಡಿತ್ತು. ಆಮೇಲೊಮ್ಮೆ ಯಾರೋ ಅದೇ ಲೈಬ್ರರಿಯನ್ನು ಎಕ್ಸ್86ನಲ್ಲಿ ಓ3 ಮಟ್ಟದ ಆಪ್ಟಿಮೈಸೇಶನ್ ಹಾಕಿ ಕಂಪೈಲ್ ಮಾಡಿದರು. ಚೆಕ್‌ಸಮ್ ಲೂಪಿನಲ್ಲಿ ಕ್ರ್ಯಾಶ್. ಕಂಪೈಲರ್ ಆ ಲೂಪನ್ನು ವೆಕ್ಟರ್ ಆದೇಶಗಳಿಗೆ ಬದಲಿಸಿತ್ತು. "ಈ ಪಾಯಿಂಟರ್ ನಾಲ್ಕರ ಗಡಿಯಲ್ಲಿದೆ ಎಂದು ನೀವೇ ಹೇಳಿದ್ದೀರಿ, ಹಾಗಾದರೆ ಒಂದೆರಡು ಹೆಜ್ಜೆ ಇಟ್ಟರೆ ಹದಿನಾರರ ಗಡಿ ಸಿಗುತ್ತದೆ" ಎಂದು ಲೆಕ್ಕ ಹಾಕಿ, ಹದಿನಾರರ ಗಡಿಯಲ್ಲೇ ಇರಬೇಕೆಂದು ಹಟ ಹಿಡಿಯುವ ಎಸ್‌ಎಸ್‌ಇ ಆದೇಶವನ್ನು ಬಳಸಿತ್ತು. ಪಾಯಿಂಟರ್ ಇದ್ದದ್ದು ಎರಡರ ಗಡಿಯಲ್ಲಿ. ನಾಲ್ಕು ನಾಲ್ಕಾಗಿ ಎಷ್ಟು ಹೆಜ್ಜೆ ಇಟ್ಟರೂ ಅದು ಹದಿನಾರಕ್ಕೆ ಬಂದು ಮುಟ್ಟುವುದಿಲ್ಲ. ಸಿ ಭಾಷೆಯ ನಿಯಮದ ಪ್ರಕಾರ ಆ ಕೋಡ್ ಮೊದಲ ದಿನದಿಂದಲೂ ತಪ್ಪೇ ಆಗಿತ್ತು. ಪ್ಯಾಚ್ ಮರುದಿನವೇ ಒಳಗೆ ಹೋಯಿತು.

ಹಳೆಯ ಯಂತ್ರಗಳ ಪರವಾಗಿ ವಾದಿಸುವವರೆಲ್ಲರ ಬಳಿಯೂ ಇಂಥದೊಂದು ಕಥೆ ಇರುತ್ತದೆ. ಎಲ್ಲರಿಗೂ ಗೊತ್ತಿರುವ ಇನ್ನೊಂದು, ಒಂದೊಂದೇ ಅಕ್ಷರ ಓದಿ ಕಡತ ಮುಗಿಯಿತೇ ಎಂದು ನೋಡುವ ಲೂಪು. ಓದಿದ ಅಕ್ಷರವನ್ನು ಚಾರ್ ಎಂದು ಇಟ್ಟುಕೊಂಡರೆ, ಚಾರ್ ಋಣ ಸಂಖ್ಯೆಯನ್ನು ಹಿಡಿಯಬಲ್ಲ ಎಕ್ಸ್86ನಲ್ಲಿ ಹೆಚ್ಚಿನ ಸಲ ನಡೆದುಹೋಗುತ್ತದೆ. ಋಣ ಹಿಡಿಯದ ಆರ್ಮ್, ಪವರ್‌ಪಿಸಿಗಳಲ್ಲಿ ಲೂಪ್ ಕೊನೆಯೇ ಕಾಣುವುದಿಲ್ಲ. ಎಂ68ಕೆಯ ಲಿನಕ್ಸ್‌ನಲ್ಲಿ ನಾಲ್ಕು ಬೈಟ್‌ಗಳ ಪೂರ್ಣಾಂಕ ಎರಡರ ಗಡಿಯಲ್ಲಿ ಕೂರುವುದರಿಂದ ಸ್ಟ್ರಕ್ಟ್‌ಗಳ ಅಳತೆ ಬೇರೆಯಾಗುತ್ತದೆ. ಎಚ್‌ಪಿಯ ಪಿಎ-ರಿಸ್ಕ್‌ನಲ್ಲಿ ಸ್ಟ್ಯಾಕ್ (ಫಂಕ್ಷನ್‌ಗಳು ತಮ್ಮ ತಾತ್ಕಾಲಿಕ ದತ್ತಾಂಶ ಇಡುವ ಮೆಮೊರಿ) ಮೇಲಕ್ಕೆ ಬೆಳೆಯುತ್ತದೆ. ಡೆಕ್ ಕಂಪನಿಯ ವ್ಯಾಕ್ಸ್‌ನ ದಶಮಾಂಶ ಸಂಖ್ಯೆಗಳಲ್ಲಿ ಅನಂತವೆಂಬುದೇ ಇಲ್ಲ. ಒಂದೊಂದು ಯಂತ್ರವೂ ನಾವು ಗೊತ್ತಿಲ್ಲದೆ ಮಾಡಿಕೊಂಡ ಒಂದೊಂದು ಊಹೆಯನ್ನು ಹಿಡಿದು ಅಲುಗಾಡಿಸುತ್ತದೆ.

ಆದರೆ ಈ ವಾದವನ್ನು ನಾವು ಹಿಗ್ಗಿಸುತ್ತೇವೆ. ಬೈಟ್‌ಗಳ ಕ್ರಮ ತಿರುಗಾಮುರುಗಾ ಆದಾಗ ಬೀಳುವ ಬಗ್‌ಗಳನ್ನು ಹಿಡಿಯಲು ಒಂದು ಬಿಗ್ ಎಂಡಿಯನ್ ಯಂತ್ರ (ಸಂಖ್ಯೆಯ ದೊಡ್ಡ ತುದಿಯ ಬೈಟನ್ನು ಮೊದಲು ಇಡುವಂಥದು) ಸಾಕು, ಮತ್ತು ಐಬಿಎಂ ಮೇನ್‌ಫ್ರೇಮ್‌ನ ಎಸ್390ಎಕ್ಸ್ ಹೇಗೂ ಇದೆ, ಇಂದಿಗೂ ಮಾರಾಟವಾಗುತ್ತಿದೆ. ಅಲೈನ್‌ಮೆಂಟ್ ತಪ್ಪುಗಳನ್ನು, ಅಂದರೆ ಮೇಲಿನ 26ರಂಥವನ್ನು, ಹಿಡಿಯಲು ಈಗ ಕಂಪೈಲರ್‌ಗಳಲ್ಲೇ ಸ್ಯಾನಿಟೈಜರ್ ಎಂಬ ಪರೀಕ್ಷಾ ಸೌಲಭ್ಯಗಳಿವೆ. ನನ್ನ ಸ್ಪಾರ್ಕ್ ಹಿಡಿದ ಬಗ್ಗನ್ನು ಇಂದು ಎಕ್ಸ್86ನಲ್ಲೇ ಒಂದು ಫ್ಲ್ಯಾಗ್ ಹಾಕಿ ಹಿಡಿಯಬಹುದು. ಹತ್ತು ಹಳೆಯ ಆರ್ಕಿಟೆಕ್ಚರ್ ಉಳಿಸಿಕೊಳ್ಳಲು "ಬಗ್ ಸಿಗುತ್ತವೆ" ಎಂಬ ಕಾರಣ ಕೊಟ್ಟರೆ, ಏಳನೆಯದು ಎಂಟನೆಯದಕ್ಕಿಂತ ಬೇರೆ ಯಾವ ಬಗ್ ಹಿಡಿಯುತ್ತದೆ ಎಂದು ಯಾರಾದರೂ ಕೇಳಿದಾಗ ತಡವರಿಸಬೇಕಾಗುತ್ತದೆ.

ಬಿಲ್ ಕಟ್ಟುವವರು

ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯವರು ಬಿಡುಗಡೆಗಳನ್ನು ಕ್ರಾಸ್ ಕಂಪೈಲ್ ಮಾಡುವುದಿಲ್ಲ. ಯಾವ ಆರ್ಕಿಟೆಕ್ಚರೋ ಅದೇ ಯಂತ್ರದ ಮೇಲೆ ಕಟ್ಟಬೇಕು, ತನ್ನನ್ನು ತಾನು ಕಟ್ಟಿಕೊಳ್ಳಲಾಗದ ಯಂತ್ರ ಪಟ್ಟಿಯಲ್ಲಿರಬಾರದು ಎಂಬುದು ಅವರ ಪಟ್ಟು. ನಾನು ಕಂಡ ಅತ್ಯಂತ ಪ್ರಾಮಾಣಿಕ ನೀತಿ ಇದು. 2014ರ ಜನವರಿಯಲ್ಲಿ ಅವರು ವಿದ್ಯುತ್ ಬಿಲ್ಲಿಗೆಂದು ಸುಮಾರು 20,000 ಡಾಲರ್ ಬೇಕೆಂದು ಸಾರ್ವಜನಿಕವಾಗಿ ಕೇಳಿದಾಗ, ಹಳೆಯ ಯಂತ್ರಗಳನ್ನು ಆಫ್ ಮಾಡಿ ಎಮ್ಯುಲೇಟರ್ ಬಳಸಿ ಎಂದು ಸಲಹೆ ಕೊಟ್ಟವರಿಗೆ ಲೆಕ್ಕವೇ ಇಲ್ಲ. ಅವರು ಆಫ್ ಮಾಡಲಿಲ್ಲ, ಹಣ ಬಂತು. ಆದರೂ 2016ರ 6.0 ಆವೃತ್ತಿಯ ಹೊತ್ತಿಗೆ ವ್ಯಾಕ್ಸ್ ಹೊರಗೆ ಹೋಗಿತ್ತು.

ವಿದ್ಯುತ್ತಾದರೂ ದುಡ್ಡಿಗೆ ಸಿಗುತ್ತದೆ. ಸನ್ ಕಂಪನಿಯ ಹಳೆಯ ಸ್ಪಾರ್ಕ್‌ಸ್ಟೇಶನ್‌ಗಳಲ್ಲಿ ಗಡಿಯಾರ ಮತ್ತು ಯಂತ್ರದ ಗುರುತನ್ನು ಇಟ್ಟುಕೊಳ್ಳುವ ಒಂದು ಚಿಪ್ ಇದೆ. ಬ್ಯಾಟರಿ ಅದರ ಒಳಗೇ, ಎಪಾಕ್ಸಿಯಲ್ಲಿ ಮುಚ್ಚಿಹೋಗಿದೆ. ಅದು ಸತ್ತಾಗ ಯಂತ್ರಕ್ಕೆ ತನ್ನ ನೆಟ್‌ವರ್ಕ್ ವಿಳಾಸವೂ ಮರೆತುಹೋಗುತ್ತದೆ. ಆಗ ಚಿಪ್ಪಿನ ನೆತ್ತಿಯನ್ನು ಅರದಿಂದ ಉಜ್ಜಿ, ಒಳಗಿನ ತಂತಿ ಕಾಣುವವರೆಗೂ ಕೆರೆದು, ಹೊರಗಿನಿಂದ ಒಂದು ನಾಣ್ಯ ಬ್ಯಾಟರಿ ಬೆಸೆಯಬೇಕು. ಗೆಳೆಯರೊಬ್ಬರು ಇದನ್ನು ಮಾಡುವಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ಕಪ್ಪು ಪುಡಿ ಮೇಜಿನ ತುಂಬ. ಸಾಫ್ಟ್‌ವೇರ್ ಟೆಸ್ಟಿಂಗ್ ಎಂದು ಹೇಳಿಕೊಂಡು ನಾವು ಮಾಡುತ್ತಿದ್ದದ್ದು ಇದು. ಎರಡನೇ ತಂತಿ ಸಿಗುವ ಹೊತ್ತಿಗೆ ಅವರು ಯಾಕೆ ಇದನ್ನೆಲ್ಲ ಮಾಡುತ್ತಿದ್ದೇವೆ ಎಂದು ಕೇಳಿದರು. ಒಂದು ಲೈಬ್ರರಿಯ ಹೊಸ ಆವೃತ್ತಿ ಓಡುತ್ತದೋ ನೋಡಲು ಎಂದೆ. ಇಬ್ಬರಿಗೂ ನಗು ಬಂತು. ಯಂತ್ರ ಬೂಟ್ ಆಯಿತು, ಲೈಬ್ರರಿ ಓಡಿತು, ಬಗ್ ಏನೂ ಸಿಗಲಿಲ್ಲ.

ಇವೆಲ್ಲ ಆಸಕ್ತರು ತಾವಾಗಿಯೇ ಹೊತ್ತುಕೊಂಡ ಹೊರೆ. ನಿಜವಾದ ಬಿಲ್ ಹೋಗುವುದು ಯಂತ್ರವನ್ನೇ ನೋಡದವರಿಗೆ. 2023ರ ಜೂನ್‌ನಲ್ಲಿ ಕರ್ನಲ್‌ನಲ್ಲಿ ಸ್ಟ್ಯಾಕ್‌ರಾಟ್ ಎಂಬ ಭದ್ರತಾ ದೋಷ ಸಿಕ್ಕಿತು. ಸ್ಟ್ಯಾಕ್ ಬೆಳೆಯುವ ಬಗೆಯನ್ನೇ ಬದಲಿಸಬೇಕಾಯಿತು, ಅಂದರೆ ಎಲ್ಲ ಆರ್ಕಿಟೆಕ್ಚರ್‌ಗಳ ಪೇಜ್ ಫಾಲ್ಟ್ (ಮೆಮೊರಿ ಪುಟ ಸಿಗದಾಗ ಓಡುವ) ಕೋಡಿಗೂ ಕೈ ಹಾಕಬೇಕಾಯಿತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ತಾವೇ ಬರೆದ ಆ ಬದಲಾವಣೆ ಒಳಗೆ ಬಂದ ಬೆನ್ನಲ್ಲೇ ಪಿಎ-ರಿಸ್ಕ್, 32 ಬಿಟ್ ಸ್ಪಾರ್ಕ್, ಎಕ್ಸ್‌ಟೆನ್ಸಾ, ಸಿ-ಸ್ಕೈಗಳಿಗೆ ಒಂದೊಂದು ತಿದ್ದುಪಡಿ ಬರಬೇಕಾಯಿತು. ತುರ್ತಿನಲ್ಲಿ, ತಮ್ಮ ಮೇಜಿನ ಮೇಲೆ ಇಲ್ಲದ ಯಂತ್ರಕ್ಕಾಗಿ ಕೋಡ್ ಬರೆಯುವುದು ಎಂದರೆ ಹೀಗೆಯೇ. ಅಟ್ಟದ ಮೇಲಿನ ಪಾತ್ರೆಯಂತೆ ಹಳೆಯ ಕೋಡ್ ತನ್ನ ಪಾಡಿಗೆ ತಾನಿರುತ್ತದೆ, ಯಾರಿಗೇನು ತೊಂದರೆ ಎಂದು ಕೇಳುವವರು ಇಂಥ ವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2018ರಲ್ಲಿ 4.17ನೇ ಆವೃತ್ತಿಯಿಂದ ಒಂದೇ ಸಲ ಎಂಟು ಆರ್ಕಿಟೆಕ್ಚರ್‌ಗಳನ್ನು ತೆಗೆದರು: ಬ್ಲ್ಯಾಕ್‌ಫಿನ್, ಕ್ರಿಸ್, ಟೈಲ್ ಮುಂತಾದವು. ಅವುಗಳಲ್ಲಿ ಎಷ್ಟರ ಹೆಸರು ನಿಮಗೆ ನೆನಪಿದೆ?

ಆಲ್ಫಾ

ನನಗೆ ಕಷ್ಟವಾಗುವುದು ಆಲ್ಫಾ ವಿಷಯದಲ್ಲಿ. ಡೆಕ್ ಕಂಪನಿಯ ಈ 64 ಬಿಟ್ ಪ್ರೊಸೆಸರ್‌ಗೆ ಲಿನಕ್ಸನ್ನು ಟೊರ್ವಾಲ್ಡ್ಸ್ ಸ್ವತಃ ಪೋರ್ಟ್ ಮಾಡಿದರು. 1995ರಲ್ಲಿ ಬಂದ 1.2ನೇ ಆವೃತ್ತಿಯಲ್ಲಿ ಅದು ಇತ್ತು. 386ಕ್ಕೆಂದೇ ಬರೆದ ಕರ್ನಲ್ ಬೇರೆ ಯಂತ್ರಗಳ ಮೇಲೂ ಓಡುವಂತೆ ಒಳಗಿನಿಂದ ಮರುಜೋಡಣೆಯಾದದ್ದು ಆ ಹೊತ್ತಿನಲ್ಲೇ. ಮೆಮೊರಿಯ ವಿಷಯದಲ್ಲಿ ಆಲ್ಫಾದಷ್ಟು ಸಡಿಲವಾದ ಪ್ರೊಸೆಸರ್ ಕರ್ನಲ್‌ಗೆ ಇನ್ನೊಂದು ಸಿಕ್ಕಿಲ್ಲ. 21264 ಎಂಬ ಆಲ್ಫಾ ಮಾದರಿಯ ಕ್ಯಾಶ್ ಎರಡು ಬ್ಯಾಂಕ್‌ಗಳಾಗಿ ಒಡೆದಿರುವುದರಿಂದ, ಹೊಸ ಪಾಯಿಂಟರ್ ಓದಿ, ಅದು ತೋರಿಸುವ ಜಾಗಕ್ಕೆ ಹೋದರೆ ಅಲ್ಲಿ ಹಳೆಯ ದತ್ತಾಂಶ ಕಾಣಬಹುದು. ಪತ್ರದ ಮೇಲಿನ ವಿಳಾಸ ಹಿಡಿದು ಹೋದ ಮೇಲೂ ಮನೆ ಇನ್ನೂ ಕಟ್ಟಿಯೇ ಇಲ್ಲ ಎಂಬಷ್ಟು ಅಸಂಬದ್ಧ ಇದು, ಆದರೆ ನಿಯಮಬದ್ಧ. ಈ ಒಂದು ಯಂತ್ರಕ್ಕಾಗಿ ಕರ್ನಲ್‌ನ ಲಾಕ್ ಇಲ್ಲದ ಕೋಡ್ ಬರೆಯುವವರೆಲ್ಲ ವರ್ಷಗಳ ಕಾಲ ಒಂದು ವಿಶೇಷ ಬ್ಯಾರಿಯರನ್ನು ನೆನಪಿಟ್ಟು ಬಳಸಬೇಕಿತ್ತು. 4.15ನೇ ಆವೃತ್ತಿಯಲ್ಲಿ ಅದನ್ನು ಆಲ್ಫಾದ ಓದುವ ಮ್ಯಾಕ್ರೋದೊಳಗೇ ಸೇರಿಸಿ ಉಳಿದವರ ತಲೆನೋವು ಇಳಿಸಿದರು. ನನಗೆ ಗೊತ್ತಿರುವ ಒಳ್ಳೆಯ ಒಪ್ಪಂದ ಇದು: ಯಂತ್ರದ ವಕ್ರತೆಯ ಬೆಲೆಯನ್ನು ಆ ಯಂತ್ರವೇ ತೆರಲಿ, ಸ್ವಲ್ಪ ನಿಧಾನವಾದರೂ ಸರಿ.

ಎಲ್ಲ ವಕ್ರತೆಗೂ ಇಂಥ ಜಾಗ ಸಿಗುವುದಿಲ್ಲ. ಮೊದಲ ತಲೆಮಾರಿನ ಆಲ್ಫಾಗಳಿಗೆ ಒಂದೇ ಒಂದು ಬೈಟ್ ಬರೆಯುವ ಆದೇಶವಿರಲಿಲ್ಲ. ಪೂರ್ತಿ ಪದವನ್ನು ಓದಿ, ಒಂದು ಬೈಟ್ ತಿದ್ದಿ, ಪೂರ್ತಿ ವಾಪಸ್ ಬರೆಯಬೇಕು. ಆ ಸಂದಿಯಲ್ಲಿ ಇನ್ನೊಂದು ಪ್ರೊಸೆಸರ್ ಪಕ್ಕದ ಬೈಟನ್ನು ಬದಲಿಸಿದ್ದರೆ ಅದು ಮಾಯ. ಈಗಿನ ಕರ್ನಲ್‌ನ ಉದ್ದಗಲಕ್ಕೂ ಪಕ್ಕಪಕ್ಕದ ಬೈಟ್‌ಗಳು ಒಂದಕ್ಕೊಂದು ತಾಗುವುದಿಲ್ಲ ಎಂದೇ ನಂಬಿಕೆ. ಆ ನಂಬಿಕೆಯನ್ನು ಒಂದು ಮ್ಯಾಕ್ರೋದಲ್ಲಿ ಮುಚ್ಚಿಡಲಾಗದು. 2024ರಲ್ಲಿ, 6.10ರಿಂದ, ಬೈಟ್ ಬರೆಯುವ ಆದೇಶ ಮೊದಲು ಬಂದ ಇವಿ56ಕ್ಕಿಂತ ಹಳೆಯ ಆಲ್ಫಾಗಳು ಹೊರಬಿದ್ದವು. ಟೊರ್ವಾಲ್ಡ್ಸ್ ಪೋರ್ಟ್ ಶುರುಮಾಡಿದ ತಲೆಮಾರೂ ಅದರಲ್ಲಿ ಸೇರಿದೆ. ಈ ತೀರ್ಮಾನದ ಬಗ್ಗೆ ನನ್ನ ತಕರಾರಿಲ್ಲ.

ಕೆಳಗಿನ ನೆಲ

ಆರ್ಕಿಟೆಕ್ಚರ್ ಸಾಯುವುದು ಕರ್ನಲ್‌ನಲ್ಲಿ ಎಂದು ನಾವು ಭಾವಿಸುತ್ತೇವೆ. ಹೆಚ್ಚಾಗಿ ಅದಕ್ಕೂ ಮುಂಚೆ ಕಂಪೈಲರ್‌ನಲ್ಲಿ ಉಸಿರು ಕಟ್ಟಿರುತ್ತದೆ. ಜಿಸಿಸಿ ಎಂಬ ಕಂಪೈಲರ್ ತನ್ನೊಳಗಿನ ಒಂದು ಹಳೆಯ ಕಟ್ಟುಪಾಡನ್ನು, ಹೋಲಿಕೆಯ ಫಲಿತಾಂಶ ಹಿಡಿಯುವ ಸಿಸಿ0 ಎಂಬುದನ್ನು, ಕೈಬಿಡಲು ಹೊರಟಾಗ ಎಂ68ಕೆ, ವ್ಯಾಕ್ಸ್, ಎವಿಆರ್‌ಗಳು ಒಟ್ಟಿಗೆ ಅಪಾಯಕ್ಕೆ ಬಿದ್ದವು. ಎಂ68ಕೆಯ ಅಭಿಮಾನಿಗಳು ಹಣ ಒಟ್ಟುಮಾಡಿ ಬಹುಮಾನ ಇಟ್ಟರು, ಅನುಭವಿ ಜಿಸಿಸಿ ಡೆವಲಪರೊಬ್ಬರು ಬದಲಾವಣೆ ಬರೆದುಕೊಟ್ಟರು. ಮರುಕ ಹಣವಾಗಿ, ಹಣ ಕೋಡಾಗಿ ಬದಲಾದ ಅಪರೂಪದ ಪ್ರಸಂಗ.

ಮೆಮೊರಿ ತಪ್ಪುಗಳನ್ನು ತಡೆಯುವ ಭಾಷೆ ರಸ್ಟ್ ಬಂದ ಮೇಲೆ ಪ್ರಶ್ನೆ ದೊಡ್ಡದಾಯಿತು. 2021ರ ಫೆಬ್ರವರಿಯಲ್ಲಿ ಪೈಥಾನ್‌ನ ಕ್ರಿಪ್ಟೋಗ್ರಫಿ ಪ್ಯಾಕೇಜ್ ತನ್ನ 3.4ನೇ ಆವೃತ್ತಿಗೆ ರಸ್ಟ್ ಬೇಕೆಂದಾಗ, ಆಲ್ಫಾ, ಪಿಎ-ರಿಸ್ಕ್, ಎಂ68ಕೆ ಬಳಸುವವರಿಗೆ ಆ ದಾರಿ ಮುಚ್ಚತೊಡಗಿತು. 2025ರ ಅಕ್ಟೋಬರ್ ಕೊನೆಯಲ್ಲಿ ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಏಪ್ಟ್‌ನ ತಂಡದಿಂದ ಪ್ರಕಟಣೆ ಬಂತು: 2026ರ ಮೇ ನಂತರ ಏಪ್ಟ್‌ಗೇ ರಸ್ಟ್ ಕಡ್ಡಾಯವಾಗಬಹುದು, ರಸ್ಟ್ ಇಲ್ಲದ ಪೋರ್ಟ್‌ಗಳು ಆರು ತಿಂಗಳಲ್ಲಿ ಅದನ್ನು ಹೊಂದಿಸಿಕೊಳ್ಳಲಿ, ಇಲ್ಲವೇ ಮುಚ್ಚಿಕೊಳ್ಳಲಿ. ಧಾಟಿ ಖಾರವಾಗಿತ್ತೆಂದು ಬಹಳ ಜನ ಸಿಟ್ಟಾದರು. ಧಾಟಿಯನ್ನು ಬದಿಗಿಟ್ಟರೆ, ಕಡತಗಳನ್ನು ಬಿಡಿಸುವ, ಸಹಿ ಪರಿಶೀಲಿಸುವ ಕೋಡನ್ನು ಸುರಕ್ಷಿತ ಭಾಷೆಯಲ್ಲಿ ಬರೆಯಬೇಡಿ, ನನ್ನ ಹಳೆಯ ಯಂತ್ರಕ್ಕೆ ಆಗುವುದಿಲ್ಲ ಎಂದು ಲಕ್ಷಾಂತರ ಬಳಕೆದಾರರಿಗೆ ಹೇಳುವ ಧೈರ್ಯ ನನಗಿಲ್ಲ.

ರಸ್ಟ್ ನಿಂತಿರುವುದು ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟಿನ ಮೇಲೆ. ಎಲ್‌ಎಲ್‌ವಿಎಂನಲ್ಲಿ ಒಂದು ಕಾಲಕ್ಕೆ ಆಲ್ಫಾ ಬ್ಯಾಕೆಂಡ್ (ಆ ಯಂತ್ರಕ್ಕೆ ಕೋಡ್ ಉತ್ಪಾದಿಸುವ ಭಾಗ) ಇತ್ತು! 2011ರಲ್ಲಿ ಅದನ್ನು ತೆಗೆದರು. ಅದೇ ವರ್ಷ ಮೇನ್‌ಫ್ರೇಮ್‌ನ ಬ್ಯಾಕೆಂಡ್ ಕೂಡ ಹೋಯಿತು. ಎರಡೇ ವರ್ಷಗಳಲ್ಲಿ, 2013ರಲ್ಲಿ, ಐಬಿಎಂ ಹೊಸದಾಗಿ ಬರೆದು ಮೇನ್‌ಫ್ರೇಮನ್ನು ವಾಪಸ್ ತಂದಿತು. ಆಲ್ಫಾಕ್ಕೆ ಹಾಗೆ ಬರೆಯುವ ಒಡೆಯರು ಆಗಲೇ ಇರಲಿಲ್ಲ. ಎಂ68ಕೆಗೆ 2021ರಿಂದ ಪ್ರಾಯೋಗಿಕ ಬ್ಯಾಕೆಂಡ್ ಇದೆ, ಕಂಪನಿಯಲ್ಲ, ಆಸಕ್ತರು ಕಟ್ಟಿದ್ದು.

ಇನ್ನು ಐ386, ಅಂದರೆ 32 ಬಿಟ್ ಎಕ್ಸ್86. ಎಲ್ಲರ ಬಳಿಯೂ ಇದ್ದದ್ದರಿಂದ ಅದನ್ನು ಯಾರೂ ಹಳೆಯದೆಂದು ಎಣಿಸಲಿಲ್ಲ. ಅದರ ಎಕ್ಸ್87 ಎಂಬ ದಶಮಾಂಶ ಲೆಕ್ಕದ ಘಟಕ ಲೆಕ್ಕಗಳನ್ನು 80 ಬಿಟ್‌ನಲ್ಲಿ ಇಟ್ಟುಕೊಂಡು ಮೆಮೊರಿಗೆ ಬರೆಯುವಾಗ 64ಕ್ಕೆ ಕತ್ತರಿಸುವ ಚಾಳಿಯಿಂದ, ಉಳಿದೆಲ್ಲ ಕಡೆ ಪಾಸಾಗುವ ಟೆಸ್ಟ್ ಇಲ್ಲಿ ಫೇಲಾಗುವುದು ತೀರಾ ಮಾಮೂಲು. 2011ರ ಜನವರಿಯಲ್ಲಿ ಸೊನ್ನೆಗೆ ಅತಿ ಸಮೀಪದ ಒಂದೇ ಒಂದು ದಶಮಾಂಶ ಸಂಖ್ಯೆಯನ್ನು ಕೊಟ್ಟು 32 ಬಿಟ್ ಪಿಎಚ್‌ಪಿಯನ್ನು ಕೊನೆಯಿಲ್ಲದ ಲೂಪಿಗೆ ಕೆಡವಬಹುದೆಂದು ಗೊತ್ತಾದದ್ದು ಇದೇ ಚಾಳಿಯಿಂದ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಐ386ಕ್ಕೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಹಳೆಯ 32 ಬಿಟ್ ಪ್ರೋಗ್ರಾಮ್‌ಗಳನ್ನು ಹೊಸ ಯಂತ್ರದಲ್ಲಿ ಓಡಿಸಲು ಬೇಕಾದ ಲೈಬ್ರರಿಗಳಷ್ಟೇ ಉಳಿದಿವೆ. ಆ ಪ್ರೋಗ್ರಾಮ್‌ಗಳು ಒಡೆಯಬಾರದೆಂದೇ, 32 ಬಿಟ್ ಆರ್ಮ್‌ಗೆ ಕೊಟ್ಟ 64 ಬಿಟ್ ಕಾಲಗಣನೆಯನ್ನು ಇದಕ್ಕೆ ಕೊಡಲಿಲ್ಲ. 2038ರ ಜನವರಿ 19ಕ್ಕೆ ಅದರ ಗಡಿಯಾರ ಉರುಳುತ್ತದೆ. ಇಂತಿಷ್ಟು ದಿನ, ಇಂತಿಷ್ಟೇ ಕೆಲಸಕ್ಕೆ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಬೆಂಬಲ ಬೇರೆ ಪೋರ್ಟ್‌ಗಳಿಗೂ ಇದ್ದಿದ್ದರೆ ಇಷ್ಟು ಜಗಳಗಳು ಆಗುತ್ತಿರಲಿಲ್ಲ.

ಈಗ ನನಗೆ ಸಿಗುವ ಸಮಯವನ್ನು ಎಂ68ಕೆಗೆ ಹಾಕುತ್ತಿದ್ದೇನೆ. ಅದರ ಎಲ್‌ಎಲ್‌ವಿಎಂ ಬ್ಯಾಕೆಂಡ್ ಉತ್ಪಾದಿಸುವ ಕೋಡನ್ನು ಕ್ಯೂಎಮುವಿನಲ್ಲಿ ಓಡಿಸಿ, ತಪ್ಪಿದ್ದನ್ನು ಆದಷ್ಟು ಚಿಕ್ಕ ಉದಾಹರಣೆಗೆ ಇಳಿಸಿ ವರದಿ ಮಾಡುವುದು ಸದ್ಯದ ಕೆಲಸ. ನಿಜವಾದ ಅಮಿಗಾ (ಎಂ68ಕೆ ಇರುವ ಹಳೆಯ ಕಂಪ್ಯೂಟರ್) ಇಟ್ಟುಕೊಂಡವರೊಬ್ಬರು ಅವುಗಳಲ್ಲಿ ಮುಖ್ಯವಾದವನ್ನು ತಮ್ಮ ಯಂತ್ರದ ಮೇಲೂ ಓಡಿಸಿ ಹೇಳುತ್ತೇನೆಂದು ಒಪ್ಪಿದ್ದಾರೆ. ಆಲ್ಫಾಕ್ಕೆ ಪ್ಯಾಕೇಜ್ ಕಟ್ಟುವುದನ್ನು ನಿಲ್ಲಿಸಿದ್ದೇನೆ.